ಕಾಲ ಕೆಳಗೆ ಏನಿದೆ ಹೇಳು

ಬೆಳಗಿನ ಐದು ಗಂಟೆ. ಬಸ್ ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ಗಾಜಿನ ಮೇಲೆ ಮಂಜು ಇನ್ನೂ ಆರಿಲ್ಲ. ಮೂರನೇ ಸಾಲಿನ ಕೊನೆಯ ಬಸ್ಸಿನ ಮೆಟ್ಟಿಲ ಮೇಲೆ ನಲವತ್ತಾರು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಪಕ್ಕದಲ್ಲಿ ಬಕೆಟ್ಟು, ಉದ್ದ ಹಿಡಿಯ ಪೊರಕೆ. ಕೈಯಲ್ಲಿ ಮೊಬೈಲು. ನೀಲಿ ಏಪ್ರನ್ನಿನ ಎಡ ಅಂಚಿಗೆ ಬಟ್ಟೆ ಒಣಹಾಕುವಾಗ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ಪು ಒಂಬತ್ತು, ಒಂದೊಂದಕ್ಕೆ ಒಂದೊಂದು ಬಣ್ಣ.

"ಕಾಲ ಕೆಳಗೆ ಏನಿದೆ ಹೇಳು" ಅನ್ನುತ್ತಾರೆ ಫೋನಿನಲ್ಲಿ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

ಆ ಕಡೆಯಿಂದ ಒಂದು ಆಕಳಿಕೆ. ಆಮೇಲೆ, "ಹಾಸಿಗೆ."

"ಸರಿ. ಒಂದು ಕಾಲು ಇಳಿಸು. ಕಾಯ್ತೀನಿ."

"ಇಳಿಸ್ದೆ."

"ಈಗ ಏನಿದೆ?"

"ನೆಲ. ಅಯ್ಯಯ್ಯೋ ಅಕ್ಕ, ಮಂಜುಗಡ್ಡೆ ಆಗಿದೆ ನೆಲ!"

"ಹಾಂ, ಈಗ ಎದ್ದೆ ನೋಡು. ಇನ್ನೊಂದು ಕಾಲೂ ಇಳಿಸ್ಬಿಡು, ಅದಕ್ಕೆ ಬೇಜಾರಾಗುತ್ತೆ."

ಹಸಿರು ಕ್ಲಿಪ್ಪು ಎಡಗಡೆಯಿಂದ ಬಲಗಡೆಗೆ ಹೋಗುತ್ತದೆ. ಮುಂದಿನ ಫೋನು ಮಾರುಕಟ್ಟೆಯ ಗೋದಾಮಿನಲ್ಲಿ ಮೂಟೆ ಹೊರುವವರಿಗೆ. ಅವರಿಗೆ ಐವತ್ತೆರಡು ವರ್ಷ. ವಯಸ್ಸಿನಲ್ಲಿ ದೊಡ್ಡವರಾದರೂ ಅವರ ಬಾಯಲ್ಲೂ ಇವರು ಅಕ್ಕನೇ.

"ಕಾಲ ಕೆಳಗೆ ಏನಿದೆ ಅಣ್ಣ?"

"ಚಪ್ಪಲಿ ಅಕ್ಕ. ಆದರೆ ಒಂದು ಕಪ್ಪು, ಒಂದು ಕಂದು."

"ಎರಡಿವೆಯಲ್ಲ, ಸಾಕು ಬಿಡು. ನಡಿ."

ಹೀಗೆ ಒಂಬತ್ತು ಫೋನು. ಐದಕ್ಕೆ ಶುರುವಾದರೆ ಮುಗಿಯಲು ಮುಕ್ಕಾಲು ಗಂಟೆ ಬೇಕು. ಫೋನೆಲ್ಲ ಮುಗಿದ ಮೇಲೆ ಎದ್ದು, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿ, ಪೊರಕೆ ಹಿಡಿಯುತ್ತಾರೆ. ಆರರಿಂದ ಹನ್ನೊಂದರವರೆಗೆ ಹದಿನಾಲ್ಕು ಬಸ್ಸುಗಳ ಒಳಗೆ ಗುಡಿಸಿ ಒರೆಸುವುದು ಹೊಟ್ಟೆಪಾಡು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿರುವ ಪುಟ್ಟ ನೆರವು ಕೇಂದ್ರದ ಪರವಾಗಿ, ಆ ಒಂಬತ್ತು ಜನರ ಮನೆ, ಕೆಲಸದ ಜಾಗ, ಆಸ್ಪತ್ರೆ ಸುತ್ತುವುದು ಇನ್ನೊಂದು ಕೆಲಸ. ಅದನ್ನು ಕೆಲಸ ಎಂದರೆ ಅವರು ಒಪ್ಪುವುದಿಲ್ಲ. "ನಾನೂ ಅದೇ ದಾರೀಲಿ ಎಡವಿದೋಳು. ಎಲ್ಲಿ ಕಲ್ಲಿದೆ ಅಂತ ಗೊತ್ತಿದೆ, ಹೇಳ್ತೀನಿ. ಅಷ್ಟೇ."

ಡಿಪೋದಲ್ಲೂ ಕೇಂದ್ರದಲ್ಲೂ ಅವರನ್ನು ಕರೆಯುವುದು ಬಾಗಿಲಕ್ಕ ಎಂದು. ಆ ಹೆಸರು ಹೇಗೆ ಬಂತೆಂದು ಮುಂದೆ ಹೇಳೋಣ. ಮೊದಲು ಆ ಪ್ರಶ್ನೆಯ ವಿಚಾರ.

"ಎದ್ಯಾ ಅಂತ ಕೇಳಬಾರದು" ಎನ್ನುತ್ತಾರೆ ಬಾಗಿಲಕ್ಕ. "ಎದ್ಯಾ ಅಂದ್ರೆ ಹೂಂ ಅಂತಾರೆ. ಊಟ ಆಯ್ತಾ ಅಂದ್ರೂ ಹೂಂ. ಅರ್ಥ ಆಯ್ತಾ ಅಂದ್ರೂ ಹೂಂ. ಸುಳ್ಳು ಹೇಳ್ಬೇಕು ಅಂತಲ್ಲ. ಹೂಂ ಅಂದ್ರೆ ಎದುರಿಗಿರೋರು ಸುಮ್ಮನಾಗ್ತಾರೆ. ಚಿಕ್ಕಂದಿನಿಂದ ನಾವು ಚೆನ್ನಾಗಿ ಕಲ್ತಿದ್ದು ಅದೊಂದೇ ಪಾಠ. ಅದಕ್ಕೇ ಹೂಂ ಅನ್ನೋಕೆ ಬರದೇ ಇರೋ ಪ್ರಶ್ನೆ ಕೇಳ್ಬೇಕು."

ನಾವು ಎಂದರೆ ಯಾರು? ತಾಯಿಯ ಹೊಟ್ಟೆಯಲ್ಲಿದ್ದಾಗ ತಾಯಿ ಕುಡಿದ ಮದ್ಯ ಮಗುವಿನ ಮಿದುಳಿಗೆ ತಾಗಿ, ಹುಟ್ಟಿದ ಮೇಲೂ ಜೀವಮಾನವಿಡೀ ಉಳಿದುಬಿಡುವ ತೊಂದರೆಯವರು. ಡಾಕ್ಟರುಗಳು ಅದಕ್ಕೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಎಂದು ಉದ್ದನೆಯ ಹೆಸರು ಇಟ್ಟಿದ್ದಾರೆ. ಇಂಥವರು ಹೆಚ್ಚಾಗಿ ನೋಡಲು ಎಲ್ಲರ ಹಾಗೇ ಇರುತ್ತಾರೆ. ಮಾತೂ ಚೆನ್ನಾಗಿಯೇ ಆಡುತ್ತಾರೆ. ಆದರೆ ನಿನ್ನೆ ಹೇಳಿದ್ದು ಇವತ್ತು ಇರುವುದಿಲ್ಲ, ಹೊತ್ತಿನ ಲೆಕ್ಕ ಸಿಗುವುದಿಲ್ಲ, ಸದ್ದು ಜೋರಾದರೆ ತಲೆಯೊಳಗೆ ಎಲ್ಲ ಕಲಸಿಹೋಗುತ್ತದೆ. ಕಾಣುವ ಊನವಾಗಿದ್ದರೆ ಜನ ಕೈ ಹಿಡಿದು ರಸ್ತೆ ದಾಟಿಸುತ್ತಾರೆ. ಕಾಣದ್ದಕ್ಕೆ ಸಿಗುವುದು ಬೈಗುಳ. ಸೋಮಾರಿ, ಮೊಂಡ, ಸುಳ್ಳುಗಾತಿ.

ಬಾಗಿಲಕ್ಕನಿಗೆ ತನ್ನ ತೊಂದರೆಯ ಹೆಸರು ಗೊತ್ತಾದಾಗ ಮೂವತ್ತನಾಲ್ಕು ವರ್ಷ. ಅಷ್ಟರೊಳಗೆ ಹದಿನಾಲ್ಕು ಕಡೆ ಕೆಲಸ ಕಳೆದುಕೊಂಡಿದ್ದರು. ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುವುದು, ಹೋಟೆಲಿನಲ್ಲಿ ತಟ್ಟೆ ತೊಳೆಯುವುದು, ಸಸಿ ಮಾರುವಲ್ಲಿ ನೀರು ಹಾಕುವುದು. ಒಂದು ಕಡೆ ಎರಡು ತಿಂಗಳು, ಒಂದು ಕಡೆ ಒಂದೇ ದಿನ. "ಒಂದು ಅಂಗಡೀಲಿ ಕೆಲಸದಿಂದ ತೆಗೆದಿದಾರೆ ಅನ್ನೋದೇ ಮರೆತು ಮಾರನೇ ದಿನ ಮತ್ತೆ ಹೋಗಿದ್ದೆ. ಮಾಲೀಕರೂ ಮರೆತಿದ್ರು ಅಂತ ಕಾಣುತ್ತೆ. ಇನ್ನೂ ನಾಲ್ಕು ದಿನ ದುಡಿದೆ." ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗು ಮುಗಿದ ಮೇಲೆ, "ಐದನೇ ದಿನ ನೆನಪಾಯ್ತು ಅವರಿಗೆ" ಎನ್ನುತ್ತಾರೆ.

ತಾಯಿಯ ಮಾತು ಬಂದರೆ ಮಾತ್ರ ದನಿ ಗಟ್ಟಿಯಾಗುತ್ತದೆ. ಆ ತಾಯಿ ವಯಸ್ಸಿನಲ್ಲಿದ್ದಾಗ ಹೆಂಡದ ಬಾಟಲಿ ತೊಳೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಮೊಣಕೈವರೆಗೆ ತಣ್ಣೀರು, ಮೇಲೆ ತಗಡು. ಮೈ ಬಿಸಿಯಾಗಲೆಂದು ಎಲ್ಲ ಹೆಂಗಸರೂ ಗುಟುಕು ಹಾಕುತ್ತಿದ್ದರಂತೆ, ಬಸುರಿಯರೂ. ಬೇಡ ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಮಗಳಿಗೆ ಆರು ವರ್ಷವಾದಾಗ ಕುಡಿತ ಬಿಟ್ಟರು. ಆಗಲೂ ಯಾಕೆಂದು ಯಾರಿಗೂ ಹೇಳಲಿಲ್ಲ.

ಡಾಕ್ಟರು ಕಾರಣ ಬಿಡಿಸಿ ಹೇಳಿದ ದಿನ ಆ ತಾಯಿ ಆಸ್ಪತ್ರೆಯ ಬೆಂಚಿನಿಂದ ಸಂಜೆಯವರೆಗೂ ಏಳಲಿಲ್ಲ. ತಾಯಿ ಮಗಳ ನಡುವೆ ಹನ್ನೊಂದು ದಿನ ಮಾತಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ತಾಯಿ ಬಂದು ಮಗಳ ಮಂಚದ ಮರಕ್ಕೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿದರು. ಅವತ್ತಿನಿಂದ ಈ ಹನ್ನೆರಡು ವರ್ಷ, ದಿನಾ ಬೆಳಿಗ್ಗೆ ನಾಲ್ಕೂ ಇಪ್ಪತ್ತಕ್ಕೆ, ಅದೇ ಗೆಣ್ಣು, ಅದೇ ಮಂಚ.

"ಅಮ್ಮನ್ನ ಬೈಯೋಕೆ ಅಂತ ಯಾರೂ ನನ್ನ ಹತ್ರ ಬರಬೇಡಿ" ಎನ್ನುತ್ತಾರೆ ಬಾಗಿಲಕ್ಕ. "ನನ್ನ ಬಾಳನ್ನ ನಡೆಸೋ ಉಪಾಯ ಕೊಟ್ಟಿದ್ದೂ ಅವಳೇ."

ಹೆಸರಿನ ಕತೆ ಇಲ್ಲಿದೆ. ಚಿಕ್ಕವಳಿದ್ದಾಗ ಒಳಗಿಂದ ಚಮಚ ತಾ ಎಂದರೆ ಅಡುಗೆಮನೆಗೆ ಹೋಗಿ ಗೋಡೆ ನೋಡುತ್ತಾ ನಿಲ್ಲುವ ಮಗು ಅದು. ಯಾಕೆ ಬಂದೆ ಎಂದು ಗೊತ್ತಿಲ್ಲ. ಉಳಿದವರು ತಲೆಗೆ ಮೊಟಕುತ್ತಿದ್ದರು. ತಾಯಿ ಮಾತ್ರ ರಟ್ಟೆ ಹಿಡಿದು ಬಾಗಿಲಿಗೆ ಕರೆದೊಯ್ದು, "ಮತ್ತೆ ಬಾಗಿಲಿಂದ ಬಾ. ತಲೆಗೆ ಮರೆತಿರಬಹುದು, ಕಾಲಿಗೆ ನೆನಪಿರುತ್ತೆ" ಎನ್ನುತ್ತಿದ್ದರು. ಮತ್ತೆ ಬಾಗಿಲಿಂದ ನಡೆದರೆ, ಹತ್ತರಲ್ಲಿ ಆರು ಸಲ, ಕಾಲು ಚಮಚದ ಮುಂದೆ ಹೋಗಿ ನಿಲ್ಲುತ್ತಿತ್ತು. ಮಗಳು ದೊಡ್ಡವಳಾಗಿ, ಆರು ವರ್ಷದ ಹಿಂದೆ ಕೇಂದ್ರದವರು "ನಿಮ್ಮಂಥವರಿಗೆ ನೀವೇ ಜೊತೆಯಾಗಿ ನಿಲ್ಲುತ್ತೀರಾ" ಎಂದು ಕೇಳಿದಾಗ, ತನ್ನ ಹತ್ತಿರ ಇರುವ ವಿದ್ಯೆ ಅದೊಂದೇ ಎಂದರು. ಏನೇ ಕಳೆಯಲಿ, ಏನೇ ಮರೆಯಲಿ, ಬಾಗಿಲಕ್ಕನ ಬಾಯಲ್ಲಿ ಒಂದೇ ಮಾತು, ಬಾಗಿಲಿಂದ ಶುರು ಮಾಡು.

ಆ ವಿದ್ಯೆ ಎಷ್ಟರದು ಎಂದು ಗೊತ್ತಾಗಿದ್ದು ಹೋದ ವರ್ಷ, ಹಳದಿ ಕ್ಲಿಪ್ಪಿನ ಹುಡುಗಿಯ ವಿಷಯದಲ್ಲಿ.

ಹಳದಿ ಕ್ಲಿಪ್ಪಿನವಳಿಗೆ ಇಪ್ಪತ್ತಮೂರು ವರ್ಷ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಒಗೆದ ಬಟ್ಟೆ ಮಡಿಸುತ್ತಾಳೆ. ಅಲ್ಲಿನವರು ಅವಳಿಗೆ ಚುರುಕಿ ಎಂದು ಹೆಸರಿಟ್ಟಿದ್ದು ಆಡಿಕೊಳ್ಳಲು, ಒಂದು ಮಾತು ಮೂರು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲವೆಂದು. ಆದರೆ ಬಟ್ಟೆ ಮಡಿಸುವುದರಲ್ಲಿ ಆ ಹೆಸರು ದಿಟವೇ. ಹೊದಿಕೆಯನ್ನು ಗಾಳಿಗೆ ಒಂದು ಸಲ ಒದರಿ, ಮೂರು ಮಡಿಕೆ ಹಾಕಿ, ಕೊನೆಯ ಮೂಲೆಯನ್ನು ಒಳಗೆ ಸಿಕ್ಕಿಸಿದಳೆಂದರೆ ಪುಸ್ತಕ ಜೋಡಿಸಿದ ಹಾಗೆ ಕೂರುತ್ತದೆ. ಮೂಲೆ ಸಿಕ್ಕಿಸುವುದು ಅಲ್ಲಿ ಅವಳೊಬ್ಬಳೇ.

ಬೆಳೆದದ್ದೆಲ್ಲ ಹಾಸ್ಟೆಲಿನಲ್ಲಿ, ಹೊರಗಿನಿಂದ ಬೀಗ ಹಾಕುವ ಕೋಣೆಗಳಲ್ಲಿ. ಲಾಂಡ್ರಿಯ ಕೆಲಸ ಸಿಕ್ಕಿದ ಮೇಲೆ ಮೊದಲ ಸಲ ತನ್ನದೇ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಒಂದು ಕಿಟಕಿ, ಒಂದು ಒಲೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಆ ಚಿಲಕವನ್ನು ಬಂದವರಿಗೆಲ್ಲ ಹಾಕಿ ತೆಗೆದು ತೋರಿಸುತ್ತಿದ್ದಳು. ಕೆಲಸ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಮತ್ತೆ ಹಾಸ್ಟೆಲು. ಇಷ್ಟು ಮಾತ್ರ ಅವಳು ಒಂದು ದಿನವೂ ಮರೆತವಳಲ್ಲ.

ಒಂದು ಶನಿವಾರ ಸಂಜೆ ಅವಳ ಫೋನು ಬಂತು.

"ಅಕ್ಕ, ನಾನೇ ಕದ್ದೆ."

"ಏನು ಕದ್ದೆ?"

"ಗೊತ್ತಿಲ್ಲ."

ಬಾಗಿಲಕ್ಕ ಸಿಟ್ಟಾಗಲಿಲ್ಲ, ಗಾಬರಿಯೂ ಆಗಲಿಲ್ಲ. "ಈಗ ಕಾಲ ಕೆಳಗೆ ಏನಿದೆ?" ಎಂದರು. ಮೆಟ್ಟಿಲು ಎಂದಳು. ಕೂತ್ಕೋ ಎಂದು, ಒಂದೊಂದೇ ಎಳೆ ಬಿಡಿಸಿದರು. ಮಕ್ಕಳ ವಾರ್ಡಿಗೆಂದು ತರಿಸಿದ ಹೊಸ ಹೊದಿಕೆಗಳು, ಎರಡು ಡಜನ್, ಬುಧವಾರ ಒಗೆದು ಒಣಗಿಸಿದ ಮೇಲೆ ಕಾಣೆಯಾಗಿದ್ದವು. ಟ್ರಾಲಿ ತಳ್ಳಿದ್ದು ಚುರುಕಿ. ಲಾಂಡ್ರಿಯ ಮೇಲ್ವಿಚಾರಕರು ಎಲ್ಲರ ಎದುರಿಗೆ ನಿಲ್ಲಿಸಿ ಕೇಳಿದರು, ನೀನು ತಗೊಂಡು ಹೋದೆಯಾ? ಇಲ್ಲ ಎಂದಳು. ಮತ್ತೆ ಕೇಳಿದರು. ಇಲ್ಲ ಎಂದಳು. ಮೂರನೇ ಸಲ ದನಿ ಏರಿಸಿ ಕೇಳಿದರು. ಹೂಂ ಎಂದಳು. ಕಾಗದ ಬರೆಸಿದರು, ಸಹಿ ಹಾಕಿದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ, ಅಲ್ಲಿಗೆ ಕೆಲಸ ಮುಗಿದ ಹಾಗೆ.

ಬಾಗಿಲಕ್ಕ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು, ಸೋಮವಾರ ಹತ್ತು ಗಂಟೆ. ಭಾನುವಾರ ಹೇಗೂ ರಜೆ, ಸೋಮವಾರಕ್ಕೂ ಡಿಪೋದಲ್ಲಿ ರಜೆ ಕೇಳಿದರು.

ಮುಂದೆ ನಡೆದದ್ದು ಬಾಗಿಲಕ್ಕನ ಕೈಯಲ್ಲಿ ಮಾತ್ರ ಆಗುವಂಥ ತಪ್ಪು. ಮಾರನೇ ದಿನ ಎದ್ದವರು ಅಂಗೈ ನೋಡಿದರು. ಸೋಮವಾರ ಎಂದಿತ್ತು. ಹಾಗಾದರೆ ಇವತ್ತು ಸೋಮವಾರ! ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟರು. ತಾಯಿ ಇದ್ದಿದ್ದರೆ ಹಿಡಿದು ಕೂರಿಸುತ್ತಿದ್ದರು, ಅವರು ಹಾಲು ತರಲು ಹೋಗಿದ್ದರು. ಚುರುಕಿಗೆ ಫೋನು ಮಾಡಿ, "ಇವತ್ತೇ ಕಣೇ, ತಲೆ ಬಾಚಿಕೊಂಡು ಬಾ" ಎಂದರು. ಚುರುಕಿ ಹೂಂ ಎಂದಳು. ಅವಳು ಬೇರೇನು ಅಂದಾಳು?

ಹತ್ತಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಲಾಂಡ್ರಿಯ ಗೇಟಿನ ಮುಂದೆ, ಮದುವೆಗೆ ಹೊರಟವರ ಹಾಗೆ. ಗೇಟಿಗೆ ಬೀಗ. ವಾಚ್‌ಮನ್ ತಾತ ಸ್ಟೂಲಿನಿಂದ ಎದ್ದು ಬಂದರು.

"ಏನ್ರಮ್ಮಾ ಇಷ್ಟು ಸಿಂಗಾರ? ಯಾರನ್ನ ನೋಡ್ಬೇಕಿತ್ತು?"

"ಸಾಹೇಬ್ರನ್ನ. ವಿಚಾರಣೆ ಇದೆ, ಸೋಮವಾರ ಹತ್ತಕ್ಕೆ" ಎಂದು ಬಾಗಿಲಕ್ಕ ಅಂಗೈ ತೋರಿಸಿದರು.

ತಾತ ಅಂಗೈ ನೋಡಿದರು, ಮುಖ ನೋಡಿದರು. "ಸೋಮವಾರ ನಾಳೆ ಬರುತ್ತೆ ತಾಯಿ. ಅದನ್ನ ಇವತ್ತೇ ಕರ್ಕೊಂಡ್ಬಂದ್ರೆ ನಾನೇನು ಮಾಡ್ಲಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಚುರುಕಿಗೆ ನಗು ಬಂತು. ಬುಧವಾರದಿಂದ ಅವಳು ನಕ್ಕಿರಲಿಲ್ಲ. "ಅಕ್ಕ, ನಿನಗೂ ಹೀಗೇ ಆಗುತ್ತಾ?" ಎಂದಳು.

"ನಿನಗಿಂತ ಇಪ್ಪತ್ತಮೂರು ವರ್ಷ ಜಾಸ್ತಿ ಆಗಿದೆ" ಎಂದರು ಬಾಗಿಲಕ್ಕ.

ಇಬ್ಬರೂ ಗೇಟಿನ ಕಟ್ಟೆಯ ಮೇಲೆ ಕೂತು ನಕ್ಕರು. ನಗುತ್ತಿದ್ದಂತೆ ಬಾಗಿಲಕ್ಕನ ಕಿವಿಗೆ ಒಂದು ವಿಷಯ ಬಿತ್ತು. ಒಳಗೆ ಸದ್ದಿಲ್ಲ. ಬೇರೆ ದಿನವಾದರೆ ಈ ಕಟ್ಟೆಯವರೆಗೂ ಯಂತ್ರಗಳ ಗಡಗಡ ಬರುತ್ತಿತ್ತು. ಇವತ್ತು ಇಡೀ ಲಾಂಡ್ರಿ ಮಲಗಿತ್ತು.

"ತಾತ, ಒಂದೇ ಒಂದು ಉಪಕಾರ" ಎಂದರು. "ಬಾಗಿಲು ತೆಗೀರಿ. ನಾವು ಏನನ್ನೂ ಮುಟ್ಟಲ್ಲ. ನೀವೂ ಜೊತೆಗೇ ಇರಿ."

ತಾತ ಗೊಣಗಿದರು. ನನ್ನ ಕೆಲಸಕ್ಕೆ ಕುತ್ತು ತರಬೇಡಿ ಎಂದರು. ಗೊಣಗುತ್ತಲೇ ಬೀಗದ ಕೈ ಹುಡುಕಿದರು.

ಬಾಗಿಲಕ್ಕ ಚುರುಕಿಯನ್ನು ಒಳಬಾಗಿಲ ಹೊಸ್ತಿಲಲ್ಲಿ ನಿಲ್ಲಿಸಿದರು. "ಬುಧವಾರ ಅಂತ ಯೋಚನೆ ಮಾಡಬೇಡ. ತಲೆಗೆ ಕೆಲಸ ಕೊಡಬೇಡ. ಕೋಟು ಎಲ್ಲಿ ಹಾಕ್ತೀಯೋ ಅಲ್ಲಿ ಹಾಕು. ಆಮೇಲೆ ಕಾಲು ಹೋದ ಕಡೆ ಹೋಗು."

ಚುರುಕಿ ಕೋಟು ಮೊಳೆಗೆ ತೂಗುಹಾಕಿದಳು. ಏಪ್ರನ್ ಕಟ್ಟಿದಳು. ಕೈ ತೊಳೆದಳು. ಖಾಲಿ ಟ್ರಾಲಿ ಹಿಡಿದು ಒಗೆಯುವ ಯಂತ್ರಗಳ ಸಾಲು ದಾಟಿ, ಒಣಗಿಸುವ ಡ್ರೈಯರುಗಳ ಮುಂದೆ ಹಾದು, ನೇರ ಮಡಿಸುವ ಮೇಜಿಗೆ ಹೋಗಿ ನಿಂತಳು. ಮೇಜು ಖಾಲಿ. ಏನೂ ಇಲ್ಲ.

"ಮತ್ತೆ ಬಾಗಿಲಿಂದ" ಎಂದರು ಬಾಗಿಲಕ್ಕ.

ಎರಡನೇ ಸಲವೂ ಅಷ್ಟೇ. ತಾತ ಗಡಿಯಾರ ನೋಡಿಕೊಂಡರು. ಚುರುಕಿ ಟ್ರಾಲಿಯ ಹಿಡಿ ಬಿಟ್ಟಳು. "ನಾನೇ ತಗೊಂಡಿರಬೇಕು ಬಿಡಕ್ಕ" ಎಂದಳು.

ಆಗ ಬಾಗಿಲಕ್ಕ ಕೇಳಿದರು, "ಅವತ್ತು ಇಲ್ಲಿ ಕಿವಿಗೆ ಏನು ಕೇಳಿಸ್ತಿತ್ತು?"

ಚುರುಕಿ ಕಣ್ಣು ಮುಚ್ಚಿದಳು. "ಕೂಗು. ಬಟ್ಟೆ ಒಣಗಿದ್ಮೇಲೆ ಡ್ರೈಯರು ಕೂಗುತ್ತಲ್ಲ, ಅದು. ಮೂರೂ ಒಟ್ಟಿಗೆ ಕೂಗ್ತಿದ್ವು."

"ತಾತ, ಅದನ್ನ ಕೂಗಿಸೋಕೆ ಬರುತ್ತಾ?"

"ಇದೊಂದು ಬಾಕಿ ಇತ್ತು ನೋಡಿ" ಎಂದರು ತಾತ. ಆದರೂ ಹೋಗಿ, ಕೆಲಸದವರು ಮಾಡುವುದನ್ನು ನೋಡಿದ್ದ ಹಾಗೆಯೇ, ಡ್ರೈಯರಿನ ಗುಂಡಿಯನ್ನು ಒಂದು ನಿಮಿಷಕ್ಕೆ ತಿರುಗಿಸಿದರು. ಮೂರನೇ ಸಲ ಚುರುಕಿ ಬಾಗಿಲಿಂದ ಹೊರಟಳು. ಕೋಟು, ಏಪ್ರನ್, ಕೈ, ಟ್ರಾಲಿ. ಡ್ರೈಯರುಗಳ ಮುಂದೆ ಬರುವ ಹೊತ್ತಿಗೆ ಯಂತ್ರ ಕಿವಿ ಹರಿಯುವ ಹಾಗೆ ಕೂಗಿತು. ಚುರುಕಿ ಭುಜ ಕುಗ್ಗಿಸಿದಳು. ಟ್ರಾಲಿ ಹಿಡಿದಿದ್ದರಿಂದ ಕಿವಿ ಮುಚ್ಚಲು ಕೈಯಿಲ್ಲ. ಕಾಲು ತಾನಾಗಿಯೇ ಬಲಕ್ಕೆ ತಿರುಗಿತು. ಕಿರಿದಾದ ಒಂದು ಓಣಿ, ಅದರ ಕೊನೆಗೆ ಒಂದು ಬಾಗಿಲು. ಟ್ರಾಲಿಯ ಮೂತಿಯಿಂದಲೇ ನೂಕಿದಳು.

ಅದು ಹಳೆಯ ಇಸ್ತ್ರಿ ಕೋಣೆ. ಕೆಟ್ಟುಹೋದ ದೊಡ್ಡ ಇಸ್ತ್ರಿ ಯಂತ್ರ ಎರಡು ವರ್ಷದಿಂದ ಅಲ್ಲೇ ಬಿದ್ದಿದೆ, ಯಾರೂ ಹೋಗುವುದಿಲ್ಲ. ಗೋಡೆ ದಪ್ಪ. ಬಾಗಿಲು ಹಾಕಿಕೊಂಡರೆ ಕೂಗು ದೂರವಾಗುತ್ತದೆ. ಯಂತ್ರದ ಹಾಸಿನ ಮೇಲೆ ಹಳೆಯ ದುಪ್ಪಟಿ ಮುಚ್ಚಿತ್ತು. ಅದರ ಮೇಲೆ ತೆಳ್ಳಗೆ ಧೂಳು. ತಾತನೇ ಒಂದು ಅಂಚು ಎತ್ತಿ ನೋಡಿದರು.

ಇಪ್ಪತ್ತನಾಲ್ಕು ಹೊದಿಕೆ. ಒಂದರ ಮೇಲೊಂದು, ಮೂರು ಮಡಿಕೆ, ಮೂಲೆ ಒಳಗೆ.

ಕೂಗು ತಾಳಲಾರದೆ ಬುಧವಾರ ಇಲ್ಲಿ ಬಂದು, ನೆಮ್ಮದಿಯಾಗಿ ಮಡಿಸಿ, ಧೂಳು ಕೂರದಿರಲೆಂದು ಮುಚ್ಚಿ, ಯಾರೋ ಕರೆದರೆಂದು ಖಾಲಿ ಟ್ರಾಲಿ ತಳ್ಳಿಕೊಂಡು ಹೋಗಿದ್ದಳು. ಹೋದ ಮರುಗಳಿಗೆಯೇ ಮರೆತಿದ್ದಳು. ಈಗ ಕೈ ಚಾಚಿ ಎತ್ತಿಕೊಳ್ಳಲು ಹೋದವಳನ್ನು ಬಾಗಿಲಕ್ಕ ತಡೆದರು. "ಮುಟ್ಟಬೇಡ ಕಣೇ. ಸಿಕ್ಕಿದ್ದನ್ನ ಎತ್ತಿ ಕೊಡೋಕೆ ಹೋಗಿ ನಾನು ಎರಡು ಸಲ ಕಳ್ಳಿ ಆಗಿದೀನಿ. ಇದ್ದಲ್ಲೇ ಇರಲಿ. ತಾತ ನೋಡಿದಾರಲ್ಲ, ಸಾಕು."

ಸೋಮವಾರ ಹತ್ತಕ್ಕೆ, ಈ ಸಲ ನಿಜವಾದ ಸೋಮವಾರ, ಮೂವರೂ ಮೇಲ್ವಿಚಾರಕರ ಕೋಣೆಯಲ್ಲಿದ್ದರು. ಗೂಡಿನಂಥ ಕೋಣೆ, ಮೇಜಿನ ಮೇಲಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿದೆ. ಮೇಲ್ವಿಚಾರಕರು ಕೆಟ್ಟವರಲ್ಲ. ಮೇಲಿನಿಂದ ಬೈಸಿಕೊಂಡು, ನಿದ್ದೆಗೆಟ್ಟು, ಕಣ್ಣು ಕೆಂಪಾಗಿದ್ದ ಮನುಷ್ಯ. ಹೊದಿಕೆ ಸಿಕ್ಕಿದ್ದು ಕೇಳಿ ಮುಖ ಸಡಿಲವಾಯಿತು, ಮತ್ತೆ ಗಂಟಿಕ್ಕಿತು.

"ಭಾನುವಾರ ಬಂದು ತಂದಿಟ್ಟಿದ್ರೆ?"

"ಬರಿಗೈಲಿ ಬಂದ್ರು ಸಾರ್. ಧೂಳು ನಾನೇ ನೋಡಿದೀನಿ" ಎಂದರು ತಾತ.

"ಸರಿ. ಹಾಗಾದ್ರೆ ಇವಳು ಸಹಿ ಯಾಕೆ ಹಾಕಿದ್ಲು? ತಗೊಂಡಿಲ್ಲ ಅಂದ್ಮೇಲೆ ತಗೊಂಡೆ ಅಂತ ಯಾವ ಮನುಷ್ಯರಾದ್ರೂ ಹೇಳ್ತಾರೇನಮ್ಮ?"

ಚುರುಕಿಯನ್ನೇ ಮತ್ತೆ ನಿಲ್ಲಿಸಿ ಕೇಳಿಸಬಹುದಿತ್ತು. ಆಕಾಶ ಕದ್ದೆಯಾ ಎಂದರೂ ಅವಳು ಮೂರನೇ ಸಲಕ್ಕೆ ಹೂಂ ಎನ್ನುತ್ತಿದ್ದಳು, ನಾಲ್ಕು ಜನ ನಗುತ್ತಿದ್ದರು. ಬಾಗಿಲಕ್ಕ ಹಾಗೆ ಮಾಡಲಿಲ್ಲ.

"ನನ್ನ ಕೇಳಿ ಸಾರ್" ಎಂದರು.

"ನಿಮ್ಮನ್ನೇನು ಕೇಳೋದು?"

"ನಾನು ಮಾಡದೇ ಇರೋದು ಏನಾದ್ರೂ. ಅವಳನ್ನ ಹೇಗೆ ಕೇಳಿದ್ರೋ ಹಾಗೇ ಕೇಳಿ. ಎದ್ದು ನಿಂತು, ಜೋರಾಗಿ."

ಅವರಿಗೆ ಮುಜುಗರವಾಯಿತು. ಆದರೂ ಎದ್ದು ನಿಂತರು. "ಈ ಮೇಜಿನ ಗಾಜು ಸೀಳಿದ್ದು ನೀವೇನಾ?"

"ಅಲ್ಲ ಸಾರ್."

"ಸರಿಯಾಗಿ ಹೇಳಿ. ನೀವೇನಾ?"

"ಅಲ್ಲ."

ಮೂರನೇ ಸಲ ಅವರ ಅಂಗೈ ಮೇಜಿಗೆ ಬಡಿಯಿತು. "ನೀವೇ ತಾನೇ?"

ಬಾಗಿಲಕ್ಕನ ಕಿವಿ ಬಿಸಿಯಾಯಿತು. ಕೋಣೆ ಚಿಕ್ಕದಾಯಿತು. "ಹೂಂ" ಎಂದರು.

"ನಾಲ್ಕನೇ ಸಲಕ್ಕೆ ಹೂಂ ಅನ್ನೋಣ ಅಂತಿದ್ದೆ, ನಾಟಕಕ್ಕೆ" ಎಂದು ಈಗ ಹೇಳುತ್ತಾರೆ. "ಮೂರನೇ ಸಲಕ್ಕೇ ತಾನಾಗೇ ಬಂದ್ಬಿಡ್ತು. ನಾನೇ ಹೇಳಿ ಕೇಳಿಸಿದ ಪ್ರಶ್ನೆ! ನಲವತ್ತೈದು ವರ್ಷ ಆಗಿತ್ತು ನನಗೆ. ಆದ್ರೂ ಬಂತು."

ಮೊದಲು ಬಾಯಿ ತೆರೆದವಳು ಚುರುಕಿ. ಅಲ್ಲಿಯವರೆಗೆ ನೆಲ ನೋಡುತ್ತಿದ್ದವಳು ತಲೆ ಎತ್ತಿದಳು.

"ಅಕ್ಕ ಒಡೆದಿಲ್ಲ ಸಾರ್. ಅಕ್ಕ ಈ ರೂಮಿಗೆ ಬಂದಿದ್ದೇ ಇವತ್ತು. ಗಾಜು ನಾನು ಕೆಲಸಕ್ಕೆ ಸೇರಿದಾಗ್ಲೇ ಸೀಳಿತ್ತು."

ಮೇಲ್ವಿಚಾರಕರು ಕುರ್ಚಿಯಲ್ಲಿ ಕೂತರು. ಸೀಳಿನ ಮೇಲೆ ಬೆರಳಾಡಿಸಿದರು. "ಸೀಳಿದ್ದು ನಾನೇ ಕಣಮ್ಮ" ಎಂದರು ಕೊನೆಗೆ. "ಫೈಲು ಎತ್ತಿ ಹಾಕಿದ್ದೆ."

ಸಹಿ ಹಾಕಿದ ಕಾಗದವನ್ನು ಅವರು ಹರಿಯಲಿಲ್ಲ, ಹರಿಯುವ ಹಾಗಿರಲಿಲ್ಲ. ಅದರ ಕೆಳಗೇ ನಡೆದದ್ದನ್ನು ಬರೆದು ತಾತನ ಸಹಿ ಹಾಕಿಸಿದರು. ಚುರುಕಿಯನ್ನು ಇನ್ನು ಮೂರು ತಿಂಗಳು ನೋಡೋಣ ಎಂದರು. ಮೂರು ತಿಂಗಳು ಕಳೆದು ಈಗ ವರ್ಷವಾಗುತ್ತ ಬಂತು. ಹಳೆಯ ಇಸ್ತ್ರಿ ಕೋಣೆಯನ್ನು ಗುಡಿಸಿ ಮೇಜು ಹಾಕಿದ್ದಾರೆ, ಮಕ್ಕಳ ವಾರ್ಡಿನ ಬಟ್ಟೆಯೆಲ್ಲ ಅಲ್ಲೇ ಮಡಿಕೆಯಾಗುತ್ತದೆ. ಏನಾದರೂ ಕಾಣದಿದ್ದರೆ ಮೇಲ್ವಿಚಾರಕರು, "ನೀನು ತಗೊಂಡೆಯಾ" ಎಂದು ಕೇಳುವುದಿಲ್ಲ. "ಬಾಗಿಲಿಂದ ಬಾರಮ್ಮ" ಎನ್ನುತ್ತಾರಂತೆ. ಅವರ ಕನ್ನಡಕ ಕಳೆದಾಗ ಅವರೂ ಹೋಗಿ ಬಾಗಿಲಲ್ಲಿ ನಿಂತಿದ್ದನ್ನು ತಾತ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಎಲ್ಲ ಕ್ಲಿಪ್ಪಿನ ಕತೆಯೂ ಹೀಗೆ ಮುಗಿದಿಲ್ಲ. ಒಂಬತ್ತು ಜನರಲ್ಲಿ ವರ್ಷಕ್ಕಿಂತ ಹೆಚ್ಚು ಒಂದೇ ಕೆಲಸದಲ್ಲಿ ನಿಂತವರು ನಾಲ್ವರು. ಇಬ್ಬರಿಗೆ ಕೆಲಸವೇ ಇಲ್ಲ, ಆದರೂ ಐದೂ ಕಾಲಿಗೆ ಏಳುತ್ತಾರೆ. ಕೆಂಪು ಕ್ಲಿಪ್ಪಿನವನು ಹದಿನೇಳು ದಿನದಿಂದ ಫೋನು ಎತ್ತಿಲ್ಲ. ಬಾಗಿಲಕ್ಕ ದಿನಾ ಮಾಡುತ್ತಾರೆ, ರಿಂಗಾಗಿ ನಿಲ್ಲುವವರೆಗೂ ಕಾಯುತ್ತಾರೆ. ಕೆಂಪು ಕ್ಲಿಪ್ಪನ್ನು ಎಡಗಡೆಯೇ ಬಿಟ್ಟು ಪೊರಕೆ ಎತ್ತಿಕೊಳ್ಳುತ್ತಾರೆ. ಅವನ ಕೋಣೆಗೆ ನಾಲ್ಕು ಸಲ ಹೋಗಿ ಬಂದಿದ್ದಾರೆ. "ಇವತ್ತು ಎತ್ತಲಿಲ್ಲ ಅಂದ್ರೆ ಇವತ್ತು ಎತ್ತಲಿಲ್ಲ ಅಂತ ಅಷ್ಟೇ. ನಾಳೆದು ಇನ್ನೂ ಇಟ್ಟಿದೆಯಲ್ಲ."

ಬಾಗಿಲಕ್ಕನಿಗೆ ಇನ್ನೊಂದು ಚಿಂತೆ ಇತ್ತು, ಅದು ತಾಯಿಯದು. ತಾಯಿಗೀಗ ಎಪ್ಪತ್ತನಾಲ್ಕು. ಗೆಣ್ಣುಗಳು ಊದಿಕೊಂಡಿವೆ. ಮಂಚಕ್ಕೆ ಕುಟ್ಟಿದರೆ ಮೊದಲಿನ ಸದ್ದಿಲ್ಲ. ಈ ಚಳಿಗಾಲದಲ್ಲಿ ಎರಡು ಸಲ ಬಾಗಿಲಕ್ಕನಿಗೆ ಎಚ್ಚರವೇ ಆಗಲಿಲ್ಲ. ಎರಡು ದಿನವೂ ಕೆಲಸಕ್ಕೆ ಹೋಗಬೇಕಾದವರೆಲ್ಲ ತಡ. "ನಾನೊಬ್ಬಳು ಮಲಗಿದ್ರೆ ಹತ್ತು ಜನ ಮಲಗಿದ ಹಾಗೆ. ಅಲಾರಂ ಇಟ್ಟು ನೋಡಿದೆ, ನಿದ್ದೇಲೇ ಆರಿಸ್ತೀನಿ. ಅಮ್ಮನ್ನ ಆರಿಸೋಕೆ ಆಗ್ತಿರಲಿಲ್ಲ." ಈ ಮಾತನ್ನು ಒಂದು ಮಧ್ಯಾಹ್ನ ಇಸ್ತ್ರಿ ಕೋಣೆಯಲ್ಲಿ ಕೂತು ಚುರುಕಿಗೆ ಹೇಳಿದರು. ಹೇಳಿದ್ದು ಸುಮ್ಮನೆ, ಮನಸ್ಸು ಹಗುರಾಗಲೆಂದು. ಚುರುಕಿ ಹೊದಿಕೆಯ ಮೂಲೆ ಸಿಕ್ಕಿಸುತ್ತಾ ಹೂಂ ಎಂದಳು. ಅವಳ ಹೂಂ ಗೊತ್ತಿದ್ದದ್ದೇ. ಬಾಗಿಲಕ್ಕ ಅದನ್ನು ಅಲ್ಲಿಗೇ ಬಿಟ್ಟರು.

ಮಾರನೇ ದಿನ ನಾಲ್ಕೂ ಇಪ್ಪತ್ತಕ್ಕೆ ಫೋನು ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. ಮೂರನೇ ಸಲ ತಾಯಿಯೇ ಎತ್ತಿ ಮಗಳ ಕಿವಿಗೆ ಹಿಡಿದರು.

"ಅಕ್ಕ, ಕಾಲ ಕೆಳಗೆ ಏನಿದೆ ಹೇಳು."

ಅವತ್ತಿನಿಂದ ಎರಡು ತಿಂಗಳಾಯಿತು, ಒಂದು ದಿನವೂ ತಪ್ಪಿಲ್ಲ. ಚುರುಕಿಯ ಏಪ್ರನ್ನಿಗೂ ಈಗ ಒಂದು ಕ್ಲಿಪ್ಪಿದೆ, ಬಿಳಿಯದು. ಒಂದೇ ಒಂದು. ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ, ಆ ಚಿಲಕದ ಹಾಗೆಯೇ. ತಾಯಿ ಮಾತ್ರ ರೂಢಿ ಬಿಡದೆ ಎದ್ದು ಬಂದು ಮಂಚದ ಪಕ್ಕ ಕೂರುತ್ತಾರೆ, "ಈಗ ನನಗೆ ಕೇಳಿಸ್ಕೊಳ್ಳೋ ಕೆಲಸ ಅಷ್ಟೇ" ಎನ್ನುತ್ತಾರೆ.

ಮೊದಲ ದಿನ ಏನು ಉತ್ತರ ಕೊಟ್ಟಿರಿ ಎಂದು ಕೇಳಿದರೆ ಬಾಗಿಲಕ್ಕ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ. ಬಸ್ಸಿನ ಕಿಟಕಿಯಿಂದ ಬಿಸಿಲು ಒಳಗೆ ಬಂದಿದೆ.

"ಹಾಸಿಗೆ ಅಂದೆ" ಎನ್ನುತ್ತಾರೆ. "ನೆಲ ಅನ್ನಬಹುದಿತ್ತು. ಅಂದಿದ್ರೆ ಅವಳು ಫೋನು ಇಡ್ತಿದ್ಲು, ನಾನು ಮಲಗ್ತಿದ್ದೆ. ಅನ್ನಲಿಲ್ಲ ನೋಡಿ."